ಶುಕ್ರವಾರ ಕೂಟ ಇದೆಯಾ?

ವಿದ್ಯಾರ್ಥಿಗಳ ಗುಂಪಿನಲ್ಲಿ ಒಂದು ಸಾವಾದಾಗ ಎಲ್ಲರೂ ಮೊದಲು ಕೇಳುವುದು "ದೇವರು ಹೀಗೇಕೆ ಮಾಡಿದರು" ಅಂತ ಅಂದುಕೊಂಡಿರುತ್ತೇವೆ. ಆ ಪ್ರಶ್ನೆ ಬಂದೇ ಬರುತ್ತದೆ. ಬಂದ ಮೇಲೆ ಸುಲಭಕ್ಕೆ ಹೋಗುವುದೂ ಇಲ್ಲ. ಆದರೆ ಅದಕ್ಕಿಂತ ಮೊದಲು ಬರುವ ಪ್ರಶ್ನೆ ತುಂಬ ಸಣ್ಣದು. "ಅಕ್ಕಾ, ಶುಕ್ರವಾರ ಕೂಟ ಇದೆಯಾ?"

ನಾನು ಕಾಲೇಜು ವಿದ್ಯಾರ್ಥಿಗಳ ನಡುವೆ ಸೇವೆ ಮಾಡುವವಳು. ನಮ್ಮ ಪ್ರಾರ್ಥನಾ ಗುಂಪಿನ ಎರಡನೇ ವರ್ಷದ ಹುಡುಗಿಯೊಬ್ಬಳು ರಸ್ತೆ ಅಪಘಾತದಲ್ಲಿ ತೀರಿಕೊಂಡಳು. ಅವಳ ಹೆಸರು ಇಲ್ಲಿ ಬರೆಯುವುದಿಲ್ಲ. ಸುದ್ದಿ ಬಂದ ರಾತ್ರಿ ನನ್ನ ಫೋನಿಗೆ ಬಂದ ಮೆಸೇಜುಗಳಲ್ಲಿ ಜಾಸ್ತಿ ಇದ್ದದ್ದು ಇದೇ ಪ್ರಶ್ನೆ. ಹೊರಗಿನವರಿಗೆ ಇದು ವಿಚಿತ್ರ ಅನ್ನಿಸಬಹುದು. ಗೆಳತಿ ಸತ್ತಿದ್ದಾಳೆ, ಇವರಿಗೆ ವೇಳಾಪಟ್ಟಿಯ ಚಿಂತೆಯಾ ಅಂತ. ಹಾಗಲ್ಲ. ಹತ್ತೊಂಬತ್ತು ವರ್ಷದ ಮಕ್ಕಳಿಗೆ ಅಳುವುದಕ್ಕೆ ಒಂದು ಜಾಗ ಬೇಕು. ಹಾಸ್ಟೆಲ್ ಕೋಣೆಯಲ್ಲಿ ಪಕ್ಕದವರು ನಾಳೆಯ ಟೆಸ್ಟಿಗೆ ಓದುತ್ತಿರುತ್ತಾರೆ. ಕ್ಲಾಸಿನಲ್ಲಿ ಪಾಠ ನಿಲ್ಲುವುದಿಲ್ಲ. ಮನೆಗೆ ಫೋನ್ ಮಾಡಿದರೆ ಅಮ್ಮ ಗಾಬರಿಯಾಗುತ್ತಾರೆ. ಇನ್ನೆಲ್ಲಿ ಹೋಗಿ ಕೂರಬೇಕು ಅನ್ನುವುದನ್ನೇ ಅವರು ಆ ನಾಲ್ಕು ಪದಗಳಲ್ಲಿ ಕೇಳುತ್ತಿದ್ದರು.

ಇದೆ ಅಂದೆ. ಕೂಟ ಇದೆ, ಎಂದಿನ ಸಮಯಕ್ಕೇ ಇದೆ.

ಇಂಥ ಗುಂಪು ಅಂದರೆ ಏನು ಅಂತ ಗೊತ್ತಿಲ್ಲದವರಿಗೆ ಸ್ವಲ್ಪ ಹೇಳಬೇಕು. ಇದನ್ನು ನಡೆಸುವವರು ವಿದ್ಯಾರ್ಥಿಗಳೇ. ನನ್ನಂಥವರು ಪಕ್ಕದಲ್ಲಿ ಇರುತ್ತೇವೆ, ಅಷ್ಟೇ. ಸತ್ಯವೇದ (ಬೈಬಲ್) ಅಧ್ಯಯನ ನಡೆಸುವುದು, ಹಾಡು ಆರಿಸುವುದು, ಹೊಸಬರನ್ನು ಕರೆತರುವುದು ಎಲ್ಲ ಅವರದ್ದೇ. ಮೊದಲಿನಿಂದಲೂ ಹೀಗೇ. 1877ರಲ್ಲಿ ಕೇಂಬ್ರಿಡ್ಜಿನಲ್ಲಿ ಶುರುವಾದ ಕ್ರೈಸ್ತ ವಿದ್ಯಾರ್ಥಿ ಸಂಘವನ್ನು ಕಟ್ಟಿದ್ದು ವಿದ್ಯಾರ್ಥಿಗಳು. 1895ರಲ್ಲಿ ಸ್ವೀಡನ್ನಿನ ವಾಡ್‌ಸ್ಟೇನಾದಲ್ಲಿ ಅಮೆರಿಕದ ಜಾನ್ ಮಾಟ್ ಮತ್ತು ಜೊತೆಗಾರರು ವರ್ಲ್ಡ್ ಸ್ಟೂಡೆಂಟ್ ಕ್ರಿಶ್ಚಿಯನ್ ಫೆಡರೇಶನ್ ಕಟ್ಟಿದಾಗ ಮಾಟ್‌ಗೆ ಇನ್ನೂ ಮೂವತ್ತು ವರ್ಷ. ಎರಡನೇ ಮಹಾಯುದ್ಧ ಮುಗಿದು ಎರಡು ವರ್ಷಕ್ಕೆ, 1947ರಲ್ಲಿ, ಹತ್ತು ದೇಶಗಳ ವಿದ್ಯಾರ್ಥಿ ಚಳವಳಿಗಳು ಸೇರಿ ಇಂಟರ್‌ನ್ಯಾಷನಲ್ ಫೆಲೋಶಿಪ್ ಆಫ್ ಇವ್ಯಾಂಜೆಲಿಕಲ್ ಸ್ಟೂಡೆಂಟ್ಸ್ ಶುರು ಮಾಡಿದವು. ಆ ವರ್ಷ ನನಗೆ ಆಗಾಗ ನೆನಪಾಗುತ್ತದೆ. ಯುದ್ಧ ಒಂದು ತಲೆಮಾರಿನ ಹುಡುಗರನ್ನೇ ತಿಂದು ಹಾಕಿತ್ತು. ಯೂರೋಪಿನ ಎಷ್ಟೋ ಕಾಲೇಜುಗಳಲ್ಲಿ ಜೊತೆಗೆ ಓದಿದವರ ಹೆಸರು ಗೋಡೆಯ ಮೇಲಿನ ಕಲ್ಲಿನಲ್ಲಿತ್ತು. ವಿದ್ಯಾರ್ಥಿ ಸೇವೆ ಅಂದರೆ ಗಿಟಾರ್, ಕ್ಯಾಂಪ್, ನಗು ಅಂತ ಮಾತ್ರ ಅಂದುಕೊಳ್ಳುವವರಿಗೆ ಇದನ್ನು ಹೇಳಬೇಕು ಅನ್ನಿಸುತ್ತದೆ. ಈ ಕೆಲಸಕ್ಕೆ ಸಾವು ಹೊಸದೇನಲ್ಲ.

ವಿದ್ಯಾರ್ಥಿಗಳೇ ನಡೆಸುತ್ತಾರೆ ಅಂದರೆ ಇನ್ನೊಂದು ಅರ್ಥವೂ ಇದೆ. ದುಃಖದ ದಿನ ಮುಂದೆ ನಿಲ್ಲಬೇಕಾದವರೂ ಅವರೇ. ನಮ್ಮ ಕೂಟದ ಕೋಣೆಯ ಗೋಡೆಗೆ ಒಂದು ಹಾಳೆ ಅಂಟಿಸಿರುತ್ತೇವೆ. ಯಾವ ವಾರ ಯಾರು ಅಧ್ಯಯನ ನಡೆಸುತ್ತಾರೆ, ಯಾರು ಹಾಡಿಸುತ್ತಾರೆ ಅಂತ. ಆ ಹಾಳೆ ಬರೆದದ್ದು ಅವಳೇ. ನೀಲಿ ಪೆನ್ನು, ಗುಂಡಗಿನ ಅಕ್ಷರ, ಪ್ರತಿ ತಾರೀಕಿನ ಕೆಳಗೆ ಸ್ಕೇಲ್ ಇಟ್ಟು ಎಳೆದ ಗೆರೆ. ಮುಂದಿನ ಶುಕ್ರವಾರದ ಎದುರು ಅವಳದೇ ಹೆಸರಿತ್ತು. ಗುಂಪಿನ ಕಾರ್ಯದರ್ಶಿ ಹುಡುಗ ಬೆಳಿಗ್ಗೆಯೇ ಹೋಗಿ ಆ ಹಾಳೆಯ ಮುಂದೆ ನಿಂತಿದ್ದ. ತೆಗೆಯಬೇಕಾ, ಬಿಡಬೇಕಾ, ಹೆಸರು ಹೊಡೆದು ಹಾಕಿ ಬೇರೆಯವರದು ಬರೆಯಬೇಕಾ ಅಂತ ತಿಳಿಯದೆ. "ಬಿಡೋಣ, ಯಾರೂ ಏನೂ ಬರೆಯೋದು ಬೇಡ" ಅಂದೆ. ಅವನಿಗೆ ಬೇಕಿದ್ದದ್ದು ಆ ಒಂದು ಮಾತು. ಇಷ್ಟು ಸಣ್ಣ ವಿಷಯವನ್ನು ಯಾರಾದರೂ ತೀರ್ಮಾನ ಮಾಡಿ ಹೇಳಬೇಕಿತ್ತು.

ಇನ್ನು ಆ ದಿನಗಳಲ್ಲಿ ಹೊರಗಿನಿಂದ ಬರುವ ಮಾತುಗಳು. ಒಳ್ಳೆಯ ಮನಸ್ಸಿನವರೇ ಆಡುವ ಮಾತುಗಳು ಇವು. "ಎಲ್ಲ ದೇವರ ಚಿತ್ತ." "ಒಳ್ಳೆಯವರನ್ನು ದೇವರು ಬೇಗ ಕರೆದುಕೊಳ್ಳುತ್ತಾರೆ." "ಇದರಲ್ಲೂ ಏನೋ ಉದ್ದೇಶ ಇರುತ್ತದೆ." ಹೇಳುವವರಿಗೆ ಸಮಾಧಾನ ಸಿಗುತ್ತದೆ, ಕೇಳುವವರಿಗೆ ಬಾಯಿ ಕಟ್ಟಿದಂತಾಗುತ್ತದೆ. ದೇವರ ಚಿತ್ತ ಅಂದ ಮೇಲೆ ಅತ್ತರೆ ದೇವರ ವಿರುದ್ಧ ಅತ್ತಂತೆ ಆಗುತ್ತದಲ್ವಾ? ಮಕ್ಕಳು ಹಾಗೇ ಯೋಚಿಸುತ್ತಾರೆ. ಒಬ್ಬಳು ನನ್ನನ್ನು ಕೇಳಿಯೇ ಬಿಟ್ಟಳು. "ಅಕ್ಕಾ, ನನಗೆ ಸಿಟ್ಟು ಬರ್ತಿದೆ. ಇದು ಪಾಪನಾ?"

ಅವಳಿಗೆ ಸತ್ಯವೇದದ ಯೋಬನ ಕಥೆ ಹೇಳಿದೆ. ಏನೂ ತಪ್ಪು ಮಾಡದೆ ಮಕ್ಕಳನ್ನೂ ಆಸ್ತಿಯನ್ನೂ ಆರೋಗ್ಯವನ್ನೂ ಕಳೆದುಕೊಂಡವನು ಅವನು. ಯೋಬನ ಮೂವರು ಸ್ನೇಹಿತರು ಅವನ ಸುದ್ದಿ ಕೇಳಿ ಬರುತ್ತಾರೆ. ಎಲೀಫಜ, ಬಿಲ್ದದ, ಚೋಫರ. ದೂರದಿಂದ ನೋಡಿದಾಗ ಅವನ ಗುರುತೇ ಸಿಗುವುದಿಲ್ಲ. ಗಟ್ಟಿಯಾಗಿ ಅಳುತ್ತಾರೆ. ಆಮೇಲೆ ಏಳು ಹಗಲು ಏಳು ರಾತ್ರಿ ಅವನ ಜೊತೆ ನೆಲದ ಮೇಲೆ ಕೂರುತ್ತಾರೆ, ಒಬ್ಬರೂ ಒಂದು ಮಾತೂ ಆಡುವುದಿಲ್ಲ. ಇಡೀ ಪುಸ್ತಕದಲ್ಲಿ ಅವರು ಮಾಡಿದ ಒಳ್ಳೆಯ ಕೆಲಸ ಆ ಏಳು ದಿನ. ಎಂಟನೇ ದಿನದಿಂದ ವಿವರಣೆ ಕೊಡಲು ಶುರು ಮಾಡುತ್ತಾರೆ. ಅವರ ವಿವರಣೆಗಳಲ್ಲಿ ದೇವಭಕ್ತಿ ತುಂಬಿದೆ. ಬಿಡಿಬಿಡಿಯಾಗಿ ಓದಿದರೆ ಎಷ್ಟೋ ಸಾಲುಗಳು ಸರಿಯಾಗೇ ಇವೆ. ಯೋಬನೋ ಕೂಗಾಡುತ್ತಾನೆ, ದೇವರನ್ನೇ ಕಟಕಟೆಗೆ ಕರೆಯುತ್ತಾನೆ, ಹುಟ್ಟಿದ ದಿನವನ್ನು ಶಪಿಸುತ್ತಾನೆ. ಕೊನೆಯ ಅಧ್ಯಾಯದಲ್ಲಿ ದೇವರು ಎಲೀಫಜನಿಗೆ ಏನು ಹೇಳುತ್ತಾರೆ? ನೀವು ನನ್ನ ವಿಷಯವಾಗಿ ನನ್ನ ದಾಸನಾದ ಯೋಬನಂತೆ ಸರಿಯಾಗಿ ಮಾತಾಡಲಿಲ್ಲ ಅಂತ. ಕೂಗಾಡಿದವನ ಮಾತು ಸರಿ, ದೇವರ ಪರ ವಕಾಲತ್ತು ವಹಿಸಿದವರದು ತಪ್ಪು. ಅವಳು ಇದನ್ನು ಕೇಳಿ ತುಂಬ ಹೊತ್ತು ಸುಮ್ನೆ ಕೂತಳು. ಸಿಟ್ಟು ಹೋಗಲಿಲ್ಲ. ಸಿಟ್ಟಿಟ್ಟುಕೊಂಡೇ ಪ್ರಾರ್ಥನೆ ಮಾಡಬಹುದು ಅಂತ ಮಾತ್ರ ಅವಳಿಗೆ ಗೊತ್ತಾಯಿತು.

ಶುಕ್ರವಾರ ಬಂತು. ಯಾವಾಗಲೂ ಅರ್ಧ ಖಾಲಿ ಇರುವ ಕೋಣೆ ಅವತ್ತು ತುಂಬಿ, ಬಾಗಿಲ ಹೊರಗೂ ನಿಂತಿದ್ದರು. ಹಾಡಿನಿಂದ ಶುರು ಮಾಡಲಿಲ್ಲ. ಹಾಡಲು ಯಾರಿಗೂ ಗಂಟಲು ಇರಲಿಲ್ಲ. ಮೂವರು ವಿದ್ಯಾರ್ಥಿಗಳು ಒಬ್ಬರಾದ ಮೇಲೊಬ್ಬರು ಸತ್ಯವೇದದ 13ನೇ ಕೀರ್ತನೆ ಓದಿದರು. ಆರೇ ವಚನಗಳ ಕೀರ್ತನೆ. ಅದರ ಮೊದಲೆರಡು ವಚನಗಳಲ್ಲಿ "ಎಷ್ಟು ಕಾಲ" ಅನ್ನುವ ಪ್ರಶ್ನೆ ನಾಲ್ಕು ಸಲ ಬರುತ್ತದೆ. ಎಷ್ಟು ಕಾಲ ನನ್ನನ್ನು ಮರೆತಿರುತ್ತೀ, ಎಷ್ಟು ಕಾಲ ಮುಖ ಮರೆಸಿಕೊಳ್ಳುತ್ತೀ ಅಂತ ದೇವರನ್ನೇ ಕೇಳುವ ಮಾತು. ಮೂರನೆಯವಳು ಓದಿ ಮುಗಿಸಿದಾಗ ಮೊದಲ ವರ್ಷದ ಒಬ್ಬ ಹುಡುಗ, ಕೂಟಕ್ಕೆ ಬರಲು ಶುರು ಮಾಡಿ ಕೆಲವೇ ವಾರಗಳಾಗಿದ್ದವನು, ಕೈ ಎತ್ತಿದ. ಕ್ಲಾಸಿನಲ್ಲಿ ಎತ್ತುವ ಹಾಗೆ.

"ಅಕ್ಕಾ, ದೇವರ ಹತ್ತಿರ ಹೀಗೆಲ್ಲ ಮಾತಾಡಬಹುದಾ?"

"ಮಾತಾಡಬಹುದು. ಇದು ಅವರದ್ದೇ ಪುಸ್ತಕದಲ್ಲಿದೆ."

ಅವನು ತಲೆ ತಗ್ಗಿಸಿ ಆ ವಚನಗಳನ್ನು ಇನ್ನೊಮ್ಮೆ ತಾನೇ ಓದಿಕೊಂಡ. ತುಟಿ ಅಲ್ಲಾಡುತ್ತಿತ್ತು.

ಕೀರ್ತನೆಗಳ ಪುಸ್ತಕದಲ್ಲಿ 150 ಕೀರ್ತನೆಗಳಿವೆ. ಅವುಗಳಲ್ಲಿ ಸುಮಾರು ಮೂರನೇ ಒಂದು ಭಾಗ ಹೀಗೇ ಗೋಳಾಡುವ, ದೂರುವ, ಪ್ರಶ್ನೆ ಕೇಳುವ ಕೀರ್ತನೆಗಳು. ನಮ್ಮ ಕೂಟಗಳಲ್ಲಿ ಹಾಡುವ ಹಾಡುಗಳಲ್ಲಿ ಇಂಥವು ಎಷ್ಟಿವೆ ಅಂತ ಯೋಚಿಸಿ ನೋಡಿ. ಬಹಳ ಕಡಿಮೆ. ಸ್ತೋತ್ರ, ಜಯ, ಸಂತೋಷ, ಅದೇ ಜಾಸ್ತಿ. ಅದರಲ್ಲಿ ತಪ್ಪೇನಿಲ್ಲ. ಆದರೆ ಒಂದು ಗುಂಪು ಜಯದ ಹಾಡುಗಳನ್ನಷ್ಟೇ ಕಲಿತಿದ್ದರೆ, ಸಾವು ಬಂದ ದಿನ ಅವರ ಬಾಯಲ್ಲಿ ಮಾತೇ ಇರುವುದಿಲ್ಲ. ಗೋಳಾಟದ ಕೀರ್ತನೆಗಳನ್ನು ಚೆನ್ನಾಗಿರುವ ದಿನಗಳಲ್ಲೇ ಓದಿಸಬೇಕು ಅನ್ನುವುದು ನನ್ನ ಗಟ್ಟಿ ಅಭಿಪ್ರಾಯ. ಅಧ್ಯಯನದ ಪಾಠಪಟ್ಟಿಯಲ್ಲಿ ಅವುಗಳಿಗೆ ಜಾಗ ಇರಬೇಕು. 88ನೇ ಕೀರ್ತನೆಯನ್ನೂ ಬಿಡಬಾರದು. ಉಳಿದ ಗೋಳಿನ ಕೀರ್ತನೆಗಳು ಸಾಮಾನ್ಯವಾಗಿ ಕೊನೆಗೆ ಭರವಸೆಯ ಕಡೆ ತಿರುಗುತ್ತವೆ, 13ನೆಯದೂ ತಿರುಗುತ್ತದೆ. 88 ತಿರುಗುವುದಿಲ್ಲ. ಅದು ಕತ್ತಲೆಯಲ್ಲಿ ಶುರುವಾಗಿ ಕತ್ತಲೆಯಲ್ಲೇ ನಿಲ್ಲುತ್ತದೆ. ಆದರೂ ಅದು ಪ್ರಾರ್ಥನೆ. ದೇವರ ಹೆಸರು ಹಿಡಿದೇ ಕರೆಯುತ್ತದೆ.

ಆ ಸಂಜೆ ಪ್ರಲಾಪಗಳ ಪುಸ್ತಕದಿಂದಲೂ ಓದಿದೆವು. ಕ್ರಿಸ್ತಪೂರ್ವ 586ರ ಹೊತ್ತಿಗೆ ಬಾಬೆಲಿನವರು ಯೆರೂಸಲೇಮನ್ನು ಸುಟ್ಟು ಹಾಕಿದಾಗಿನ ಗೋಳು ಅದು. ಒಬ್ಬರ ಮನೆಯ ದುಃಖ ಅಲ್ಲ, ಇಡೀ ಊರಿನ ದುಃಖ. ಐದು ಅಧ್ಯಾಯಗಳಲ್ಲಿ ಮೊದಲ ನಾಲ್ಕನ್ನು ಇಬ್ರಿಯ ಭಾಷೆಯ 22 ಅಕ್ಷರಗಳ ಸಾಲಿನಲ್ಲಿ ಜೋಡಿಸಿ ಬರೆದಿದ್ದಾರೆ. ಮೊದಲ ಅಕ್ಷರದಿಂದ ಶುರುವಾಗಿ ಕೊನೆಯ ಅಕ್ಷರದವರೆಗೆ. ಮೂರನೇ ಅಧ್ಯಾಯದಲ್ಲಿ ಪ್ರತಿ ಅಕ್ಷರಕ್ಕೂ ಮೂರು ಮೂರು ವಚನ, ಒಟ್ಟು 66. ಬೀದಿಯಲ್ಲಿ ಹೆಣಗಳು ಬಿದ್ದಿದ್ದ ಊರಿನಲ್ಲಿ ಯಾರೋ ಕೂತು ಇಷ್ಟು ಶ್ರದ್ಧೆಯಿಂದ ಅಕ್ಷರ ಜೋಡಿಸಿದರು. ಯಾಕೆ ಅಂತ ಪುಸ್ತಕ ಹೇಳುವುದಿಲ್ಲ. ನನಗೆ ಅನ್ನಿಸುವುದು ಹೀಗೆ: ಎಲ್ಲ ಚೂರಾಗಿದ್ದಾಗ ಮುಂದಿನ ಅಕ್ಷರ ಯಾವುದು ಅನ್ನುವುದಾದರೂ ಗೊತ್ತಿರುತ್ತದೆ. ಅಳುವುದಕ್ಕೆ ಒಂದು ದಾರಿ, ಒಂದು ಕ್ರಮ ಸಿಗುತ್ತದೆ. ಶುಕ್ರವಾರ ಕೂಟವೂ ನಮ್ಮ ಮಕ್ಕಳಿಗೆ ಇಂಥದ್ದೇ ಆಗಿತ್ತು.

"ಕರ್ತನ ಕರುಣೆ ದಿನದಿನವೂ ಹೊಸದು" ಅನ್ನುವ ಮಾತು ಗೋಡೆಯ ಕ್ಯಾಲೆಂಡರುಗಳಲ್ಲಿ ಇರುತ್ತದಲ್ಲ, ಅದು ಈ ಪುಸ್ತಕದ್ದೇ. ಮೂರನೇ ಅಧ್ಯಾಯದ ನಡುವಿನಲ್ಲಿದೆ. ಅದರ ಹಿಂದೆಯೂ ಮುಂದೆಯೂ ಕಣ್ಣೀರೇ. ಪುಸ್ತಕ ಮುಗಿಯುವುದು ಕೂಡ ಆ ಸಾಲಿನಿಂದ ಅಲ್ಲ. ನಮ್ಮನ್ನು ಪೂರ್ತಿಯಾಗಿ ಕೈಬಿಟ್ಟೆಯಾ ಅನ್ನುವ ಅಳುಕಿನಿಂದ. ಆ ಒಂದು ವಚನವನ್ನು ಕತ್ತರಿಸಿ ತಂದು ಅಳುತ್ತಿರುವವರ ಕೈಗೆ ಕೊಡುವುದಕ್ಕೂ, ಪೂರ್ತಿ ಪುಸ್ತಕವನ್ನು ಅವರ ಜೊತೆ ಕೂತು ಓದುವುದಕ್ಕೂ ತುಂಬ ವ್ಯತ್ಯಾಸ ಇದೆ.

ಕೂಟದ ಕೊನೆಯಲ್ಲಿ ಅಂತಿಮ ವರ್ಷದ ಒಬ್ಬ ಹುಡುಗ ಎದ್ದು ನಿಂತ. ಒಳ್ಳೆಯ ಹುಡುಗ, ನಂಬಿಕೆ ಗಟ್ಟಿ. "ನಾವು ಅಳಬಾರದು. ಅವಳು ಯೇಸುವಿನ ಹತ್ತಿರ ಇದ್ದಾಳೆ. ನಮಗೆ ಪುನರುತ್ಥಾನದ ನಿರೀಕ್ಷೆ ಇದೆ. ಸಂತೋಷವಾಗಿರಬೇಕು" ಅಂದ. ಹೇಳುವಾಗ ಅವನ ಧ್ವನಿ ನಡುಗುತ್ತಿತ್ತು. ಅವನು ಹೇಳಿದ್ದರಲ್ಲಿ ಅರ್ಧ ನಾನು ಪ್ರಾಣ ಇಟ್ಟು ನಂಬುವ ಮಾತು. ಸತ್ತವರು ಏಳುತ್ತಾರೆ ಅನ್ನುವುದು ಇಲ್ಲದಿದ್ದರೆ ಈ ಸೇವೆಯೂ ಇಲ್ಲ, ಈ ಬರಹವೂ ಇಲ್ಲ. ಇನ್ನರ್ಧ ಮಾತ್ರ ಸತ್ಯವೇದದಲ್ಲಿ ಇಲ್ಲ. ನಾವು ಅಳಬಾರದು ಅಂತ ಎಲ್ಲೂ ಇಲ್ಲ.

ಮೊದಲ ಕಾಲದ ಕ್ರೈಸ್ತ ಸಭೆಗಳನ್ನು ಕಟ್ಟಿದ ಪೌಲ ಥೆಸಲೋನಿಕದವರಿಗೆ ಬರೆದ ಮೊದಲ ಪತ್ರದ ನಾಲ್ಕನೇ ಅಧ್ಯಾಯ ತೆಗೆದು ನೋಡಿ. ಆ ಸಭೆ ಆಗಿನ್ನೂ ಹೊಸದು. ಅವರಲ್ಲಿ ಕೆಲವರು ತೀರಿಕೊಂಡಿದ್ದರು, ಉಳಿದವರು ಕಂಗಾಲಾಗಿದ್ದರು. ನಿರೀಕ್ಷೆ ಇಲ್ಲದ ಇತರರಂತೆ ದುಃಖಿಸಬೇಡಿ ಅಂತ ಪೌಲ ಬರೆಯುತ್ತಾನೆ. ದುಃಖಿಸಲೇಬೇಡಿ ಅಂತ ಬರೆಯಲಿಲ್ಲ. ಅದೇ ಪೌಲ ಫಿಲಿಪ್ಪಿಯವರಿಗೆ ಬರೆಯುವಾಗ, ತನ್ನ ಜೊತೆಗಾರ ಎಪಫ್ರೊದೀತ ಸಾಯುವಷ್ಟು ಕಾಯಿಲೆ ಬಿದ್ದು ಉಳಿದದ್ದನ್ನು ಹೇಳಿ, ದುಃಖದ ಮೇಲೆ ದುಃಖ ಬಾರದಂತೆ ದೇವರು ನನ್ನನ್ನೂ ಕರುಣಿಸಿದರು ಅನ್ನುತ್ತಾನೆ. ಸಾಯುವುದು ಲಾಭ ಅಂತ ಅದೇ ಪತ್ರದಲ್ಲಿ ಬರೆದವನು ಇವನೇ! ಗೆಳೆಯ ಸತ್ತಿದ್ದರೆ ಅವನಿಗೂ ತಡೆಯಲು ಆಗುತ್ತಿರಲಿಲ್ಲ. ಅಪೊಸ್ತಲರ ಕೃತ್ಯಗಳ 8ನೇ ಅಧ್ಯಾಯದಲ್ಲಿ ಇನ್ನೊಂದು ವಚನ ಇದೆ. ನಂಬಿಕೆಗಾಗಿ ಕಲ್ಲೇಟು ತಿಂದು ಸತ್ತ ಸ್ತೆಫನ, ಸಾಯುವಾಗ ಆಕಾಶ ತೆರೆದದ್ದನ್ನೂ ಯೇಸು ಸ್ವಾಮಿ ದೇವರ ಬಲಗಡೆ ನಿಂತಿದ್ದನ್ನೂ ಕಂಡವನು. ಅವನೆಲ್ಲಿಗೆ ಹೋದ ಅನ್ನುವುದರಲ್ಲಿ ಯಾರಿಗೂ ಅನುಮಾನ ಇರಲಿಲ್ಲ. ಆದರೂ ದೇವಭಕ್ತರು ಅವನನ್ನು ಹೂಣಿಟ್ಟು ಬಹಳವಾಗಿ ಗೋಳಾಡಿದರು ಅಂತ ಲೂಕ ಬರೆದಿದ್ದಾನೆ.

ಇದನ್ನೆಲ್ಲ ಆ ಹುಡುಗನಿಗೆ ಎಲ್ಲರೆದುರು ಹೇಳಲಿಲ್ಲ. ಅವನ ಪಕ್ಕ ಹೋಗಿ ನಿಂತು ಯೋಹಾನನ ಸುವಾರ್ತೆಯ 11ನೇ ಅಧ್ಯಾಯ ಓದಿದೆ. ಯೇಸು ಸ್ವಾಮಿಯ ಗೆಳೆಯ ಲಾಜರ ಸತ್ತು ನಾಲ್ಕು ದಿನವಾಗಿದೆ. ಅವನ ಅಕ್ಕ ಮಾರ್ಥ ಎದುರಿಗೆ ಬಂದು ಹೇಳುತ್ತಾಳೆ, ನೀನು ಇಲ್ಲಿ ಇರುತ್ತಿದ್ದರೆ ನನ್ನ ತಮ್ಮ ಸಾಯುತ್ತಿರಲಿಲ್ಲ ಅಂತ. ಸ್ವಲ್ಪ ಹೊತ್ತಿಗೆ ಅವಳ ಸಹೋದರಿ ಮರಿಯ ಬಂದು ಕಾಲಿಗೆ ಬಿದ್ದು ಅದೇ ಮಾತು ಹೇಳುತ್ತಾಳೆ. ಇಬ್ಬರದೂ ಒಂದೇ ದೂರು. ಮಾರ್ಥಳಿಗೆ ಯೇಸು ಸ್ವಾಮಿ ಮಾತಿನಲ್ಲಿ ಉತ್ತರ ಕೊಡುತ್ತಾರೆ, ನಾನೇ ಪುನರುತ್ಥಾನವೂ ಜೀವವೂ ಅಂತ. ಮರಿಯಳಿಗೆ ಅದನ್ನು ಹೇಳುವುದಿಲ್ಲ. ಅವನನ್ನು ಎಲ್ಲಿ ಇಟ್ಟಿದ್ದೀರಿ ಅಂತ ಕೇಳುತ್ತಾರೆ. ಆಮೇಲೆ "ಯೇಸು ಕಣ್ಣೀರು ಬಿಟ್ಟನು". ಲಾಜರನನ್ನು ಎಬ್ಬಿಸಲಿಕ್ಕೇ ಅವರು ಬಂದದ್ದು. ಕೆಲವೇ ನಿಮಿಷಗಳಲ್ಲಿ ಅವನು ಗವಿಯಿಂದ ನಡೆದು ಬರುತ್ತಾನೆ ಅಂತ ಅವರಿಗೆ ಗೊತ್ತು. ಗೊತ್ತಿದ್ದೂ ಅತ್ತರು. ಪುನರುತ್ಥಾನ ಅವರ ಕೈಯಲ್ಲೇ ಇತ್ತು, ಕಣ್ಣಲ್ಲಿ ನೀರೂ ಇತ್ತು. ನಿರೀಕ್ಷೆ ಇದ್ದರೆ ಅಳು ನಿಲ್ಲಬೇಕು ಅನ್ನುವವರು ಇದನ್ನು ಓದಬೇಕು. ಅಂತಿಮ ವರ್ಷದ ಆ ಹುಡುಗ ಅಲ್ಲೇ ನೆಲದ ಮೇಲೆ ಕೂತು ಬಿಕ್ಕಿ ಬಿಕ್ಕಿ ಅತ್ತ. ಉಳಿದವರೂ ಅತ್ತರು. ಕೂಟ ಹಾಗೇ ಮುಗಿಯಿತು. ಕೊನೆಯ ಪ್ರಾರ್ಥನೆ ಯಾರು ಮಾಡಿದರು ಅಂತ ನೆನಪಿಲ್ಲ.

ಜರ್ಮನಿಯ ಧರ್ಮಸುಧಾರಕ ಮಾರ್ಟಿನ್ ಲೂಥರನ ಮಗಳು ಮಗ್ದಲೇನ 1542ರಲ್ಲಿ ಹದಿಮೂರನೇ ವಯಸ್ಸಿಗೆ ತೀರಿಕೊಂಡಳು. ಅವಳು ಕ್ರಿಸ್ತನ ಬಳಿ ಇದ್ದಾಳೆ, ನಾವು ಸ್ತೋತ್ರ ಮಾಡಬೇಕು ಅಂತ ಗೊತ್ತಿದ್ದೂ ಅಪ್ಪ ಅಮ್ಮನ ಕರುಳು ಕೇಳುತ್ತಿಲ್ಲ ಅನ್ನುವ ಅರ್ಥದಲ್ಲಿ ಅವನು ಗೆಳೆಯನಿಗೆ ಕಾಗದ ಬರೆದಿದ್ದಾನೆ. ಇಡೀ ಯೂರೋಪಿಗೆ ನಂಬಿಕೆಯ ಪಾಠ ಹೇಳಿದವನಿಗೂ ಇದರಿಂದ ವಿನಾಯಿತಿ ಸಿಗಲಿಲ್ಲ.

ನಮ್ಮ ಗುಂಪಿನ ಆ ಹುಡುಗಿಯ ಕ್ಲಾಸಿನವರೂ ಶುಕ್ರವಾರದ ಕೂಟಕ್ಕೆ ಬಂದಿದ್ದರು. ಅವರಲ್ಲಿ ಹೆಚ್ಚಿನವರು ಕ್ರೈಸ್ತರಲ್ಲ, ಸತ್ಯವೇದ ಕೈಯಲ್ಲಿ ಹಿಡಿದವರೂ ಅಲ್ಲ. ಇಲ್ಲಿ ಒಂದು ವಿಷಯ ನೇರವಾಗಿ ಹೇಳಬೇಕು. ಕೂಟಕ್ಕೆ ಮೊದಲು ಒಬ್ಬ ಹಿರಿಯರು ಫೋನ್ ಮಾಡಿ, "ಇದು ಸುವಾರ್ತೆ ಹೇಳಲು ಒಳ್ಳೆಯ ಅವಕಾಶ, ಬಿಡಬೇಡಿ" ಅಂದರು. ನನಗೆ ಆ ಮಾತು ಹಿಡಿಸಲಿಲ್ಲ. ಸುವಾರ್ತೆ, ಅಂದರೆ ಯೇಸುವಿನ ಶುಭಸಂದೇಶ, ಹೇಳುವುದೇ ನನ್ನ ಕೆಲಸ, ಅದರ ಬಗ್ಗೆ ನನಗೆ ನಾಚಿಕೆಯೂ ಇಲ್ಲ. ಆದರೆ ಸತ್ತ ಹುಡುಗಿಯನ್ನು ಅವಕಾಶ ಮಾಡಿಕೊಳ್ಳುವುದು ಬೇರೆ. ಅಳುತ್ತಿರುವವರು ಎದುರಾಡುವ ಸ್ಥಿತಿಯಲ್ಲಿ ಇರುವುದಿಲ್ಲ. ಅಂಥ ಹೊತ್ತಿನಲ್ಲಿ ಅವರಿಂದ ಒಂದು ತೀರ್ಮಾನ ಹಿಂಡಿ ತೆಗೆಯುವುದನ್ನು ಯೇಸು ಸ್ವಾಮಿ ಲಾಜರನ ಊರಾದ ಬೇಥಾನ್ಯದಲ್ಲಿ ಮಾಡಲಿಲ್ಲ. "ಅಳುವವರ ಸಂಗಡ ಅಳಿರಿ" ಅಂತ ರೋಮಾಪುರದವರಿಗೆ ಬರೆದ ಪತ್ರದಲ್ಲಿದೆ. ಅಳುವವರು ಯಾರು, ಯಾವ ಧರ್ಮದವರು ಅಂತ ವಿಚಾರಿಸಿ ಅಳಿರಿ ಅಂತ ಇಲ್ಲ.

ಅವಳ ಕ್ಲಾಸಿನ ಹುಡುಗಿಯೊಬ್ಬಳು ತಿಂಗಳಾದ ಮೇಲೆ ತಾನೇ ಬಂದು ಕೇಳಿದಳು. "ಅವಳು ಈಗ ಎಲ್ಲಿದ್ದಾಳೆ ಅಂತ ನೀವು ನಂಬ್ತೀರಾ?" ಅವಳು ಕೇಳಿದ್ದಕ್ಕೆ ನಾನು ನಂಬಿದ್ದನ್ನು ಹೇಳಿದೆ. ಒಂದು ಗಂಟೆ ಮಾತಾಡಿದೆವು. ಅವಳು ಈಗಲೂ ಕ್ರೈಸ್ತಳಲ್ಲ, ಈಗಲೂ ಆಗಾಗ ಬಂದು ಮಾತಾಡುತ್ತಾಳೆ.

ಕೂಟ ನಡೆಸುವುದಕ್ಕಿಂತ ಕಷ್ಟದ ಕೆಲಸ ಒಬ್ಬೊಬ್ಬರನ್ನೇ ಗಮನಿಸುವುದು. ಜಾಸ್ತಿ ಅಳುವವರ ಸುತ್ತ ಜನ ಇರುತ್ತಾರೆ. ಅಳದವರ ಹತ್ತಿರ ಯಾರೂ ಹೋಗುವುದಿಲ್ಲ. ತೀರಿಕೊಂಡವಳ ಜೊತೆ ಒಂದೆರಡು ಸಲವಷ್ಟೇ ಮಾತಾಡಿದ್ದವರು, "ನಾನು ಅವಳಿಗೆ ಅಷ್ಟು ಹತ್ತಿರದವಳಲ್ಲ, ನನಗೆ ಇಷ್ಟು ಬೇಜಾರಾಗೋದು ಸರೀನಾ" ಅಂತ ಒಳಗೊಳಗೇ ನಾಚಿಕೊಳ್ಳುತ್ತಿದ್ದರು. ಅವಳೊಂದಿಗೆ ಜಗಳವಾಡಿ ಮಾತು ಬಿಟ್ಟಿದ್ದ ಒಬ್ಬ ಹುಡುಗಿ ಇದ್ದಳು. ಅವಳ ಪಾಡು ಎಲ್ಲರಿಗಿಂತ ಕಷ್ಟ. ರಾಜಿ ಮಾಡಿಕೊಳ್ಳಲು ಈಗ ಯಾರೂ ಇಲ್ಲ. ಅವಳಿಗೆ ನಾನು ಹೇಳಿದ್ದು ಕಡಿಮೆ, ಜೊತೆಗೆ ಕೂತದ್ದೇ ಜಾಸ್ತಿ. ಸತ್ತವಳಿಗೆ ಹೇಳಬೇಕಾದ್ದನ್ನು ದೇವರ ಮುಂದೆ ಗಟ್ಟಿಯಾಗಿ ಹೇಳು ಅಂದೆ. ಹೇಳಿದಳು. ನಾನು ಹೊರಗೆ ಕಾಯುತ್ತಿದ್ದೆ.

ನಿದ್ದೆ ಬರದವರು, ಊಟ ಬಿಟ್ಟವರು, ಇನ್ನು ನಾನಿದ್ದು ಏನು ಪ್ರಯೋಜನ ಅನ್ನುವವರು ಇದ್ದರೆ ಸುಮ್ಮನಿರಬಾರದು. "ಸಾಯಬೇಕು ಅಂತ ಯೋಚನೆ ಬರ್ತಿದೆಯಾ?" ಅಂತ ನೇರವಾಗಿ ಕೇಳಬೇಕು. ಹಾಗೆ ಕೇಳಿದರೆ ಇಲ್ಲದ ಯೋಚನೆ ತಲೆಗೆ ಹಾಕಿದಂತಾಗುತ್ತದೆ ಅಂತ ಎಷ್ಟೋ ಜನ ಹೆದರುತ್ತಾರೆ. ಹಾಗಾಗುವುದಿಲ್ಲ, ಕೇಳಿದರೆ ಅವರಿಗೆ ಹಗುರವಾಗುತ್ತದೆ ಅಂತ ಈ ಕೆಲಸ ಬಲ್ಲ ವೈದ್ಯರು ಹೇಳುತ್ತಾರೆ. ಹೌದು ಅಂದರೆ ಅವರನ್ನು ಒಬ್ಬರೇ ಬಿಡಬಾರದು. ಕೌನ್ಸೆಲರ್ ಅಥವಾ ಮನೋವೈದ್ಯರ ಹತ್ತಿರ ಕರೆದುಕೊಂಡು ಹೋಗಬೇಕು. ನಾವೇ ಜೊತೆಗೆ ಹೋಗಬೇಕು, ವಿಳಾಸ ಕೊಟ್ಟು ಕಳಿಸುವುದಲ್ಲ. ಪ್ರಾರ್ಥನೆ ಮಾಡಿದರೆ ಸಾಕು, ವೈದ್ಯರು ಯಾಕೆ ಅನ್ನುವವರಿಗೆ ನಾನು ಎಲೀಯನನ್ನು ತೋರಿಸುತ್ತೇನೆ. ಮೊದಲನೇ ಅರಸುಗಳು 19ನೇ ಅಧ್ಯಾಯ. ಅಷ್ಟು ದೊಡ್ಡ ಪ್ರವಾದಿ ಒಂದು ಗಿಡದ ಕೆಳಗೆ ಕೂತು, ಸಾಕು ದೇವರೇ ನನ್ನ ಪ್ರಾಣ ತೆಗೆದುಬಿಡು ಅನ್ನುತ್ತಾನೆ. ದೇವರು ಬೈಯುವುದಿಲ್ಲ, ಪಾಠವೂ ಹೇಳುವುದಿಲ್ಲ. ಮಲಗಿಸುತ್ತಾರೆ. ದೂತ ಬಂದು ಮುಟ್ಟಿ ಎಬ್ಬಿಸಿ ರೊಟ್ಟಿ, ನೀರು ಕೊಡುತ್ತಾನೆ. ತಿಂದು ಮತ್ತೆ ಮಲಗುತ್ತಾನೆ. ದೂತ ಎರಡನೇ ಸಲ ಬಂದು, ನೀನು ನಡೆಯಬೇಕಾದ ದಾರಿ ನಿನ್ನ ಶಕ್ತಿ ಮೀರಿದ್ದು, ಎದ್ದು ತಿನ್ನು ಅನ್ನುತ್ತಾನೆ. ದೇವರೊಂದಿಗೆ ಮಾತುಕತೆ ನಡೆಯುವುದು ಅದಾಗಿ ನಲವತ್ತು ದಿನದ ಮೇಲೆ. ಮೊದಲು ನಿದ್ದೆ, ಊಟ, ಆಮೇಲೆ ಮಾತು. ನಮ್ಮ ಕಮಿಟಿಯ ಹುಡುಗರು ಇದನ್ನು ಓದಿದ ಮೇಲೆ ಯಾರು ಊಟಕ್ಕೆ ಬರುತ್ತಿಲ್ಲ ಅಂತ ನೋಡಿ, ಇಬ್ಬಿಬ್ಬರಾಗಿ ಹೋಗಿ ಕರೆದುಕೊಂಡು ಬರಲು ಶುರು ಮಾಡಿದರು. ಅದು ಅವರದ್ದೇ ಯೋಚನೆ. ಆ ವರ್ಷ ನಮ್ಮ ಗುಂಪು ಮಾಡಿದ ಒಳ್ಳೆಯ ಸೇವೆ ಯಾವುದು ಅಂತ ಕೇಳಿದರೆ ನಾನು ಅದನ್ನೇ ಹೇಳುತ್ತೇನೆ.

ಸೇವೆ ಮಾಡುವವರ ದುಃಖಕ್ಕೂ ಒಂದು ಜಾಗ ಬೇಕು. ನನಗೆ ಒಬ್ಬ ಹಿರಿಯ ಅಕ್ಕ ಇದ್ದಾರೆ. ವಾರಕ್ಕೊಮ್ಮೆ ಅವರ ಹತ್ತಿರ ಹೋಗಿ ಅಳುತ್ತಿದ್ದೆ. ಅವರು ನನಗೆ ಏನೂ ವಿವರಿಸಲಿಲ್ಲ.

ಕಾಲದ ವಿಷಯಕ್ಕೆ ಬರೋಣ. ಸತ್ಯವೇದದಲ್ಲಿ, ತಮ್ಮ ನಾಯಕ ಮೋಶೆ ಸತ್ತಾಗ ಇಸ್ರಾಯೇಲ್ಯರು ಮೋವಾಬಿನ ಬಯಲಿನಲ್ಲಿ ಮೂವತ್ತು ದಿನ ಅತ್ತರು. ಅವನ ಅಣ್ಣ ಆರೋನನಿಗೂ ಮೂವತ್ತು ದಿನ. ಇಡೀ ಪಾಳೆಯ ಪ್ರಯಾಣ ನಿಲ್ಲಿಸಿ ಒಂದು ತಿಂಗಳು ಕೂತಿತು. ಕಾಲೇಜಿನಲ್ಲಿ ಅಂಥ ಒಂದು ತಿಂಗಳು ಯಾರಿಗೂ ಸಿಗುವುದಿಲ್ಲ. ಎರಡು ವಾರಕ್ಕೆ ಇಂಟರ್ನಲ್ಸ್ ಬಂತು. ಅಟೆಂಡೆನ್ಸ್, ರೆಕಾರ್ಡ್, ಪ್ರಾಜೆಕ್ಟ್. ಸುತ್ತಲಿನವರ ಮಾತೆಲ್ಲ ಪರೀಕ್ಷೆಯ ಕಡೆ ತಿರುಗಿತು. ಮಕ್ಕಳು ಒಳಗಿನ ದುಃಖವನ್ನು ಬದಿಗಿಟ್ಟು ಓದಿದರು, ಓದಲೇಬೇಕಿತ್ತು. ಅದು ಮತ್ತೆ ಬಂದದ್ದು ರಜೆಯಲ್ಲಿ. ಮನೆಯಲ್ಲಿ ಎಲ್ಲ ಸರಿಯಾಗಿರುವಾಗ, ಸಂಜೆ ಸುಮ್ನೆ ಕೂತಿರುವಾಗ. ಹಾಗಾಗಿ ರಜೆಯಲ್ಲಿ ಫೋನ್ ಮಾಡುವುದನ್ನು ಬಿಡಬಾರದು. ಮೂರನೇ ತಿಂಗಳು, ಹುಟ್ಟಿದ ದಿನ, ಫಲಿತಾಂಶ ಬರುವ ದಿನ, ಇವು ಮೊದಲ ವಾರಕ್ಕಿಂತ ಕಷ್ಟದ ದಿನಗಳು. ಮೊದಲ ವಾರ ಎಲ್ಲರೂ ಜೊತೆಗಿರುತ್ತಾರಲ್ಲ.

ವಾಟ್ಸಾಪ್ ಗುಂಪಿನಲ್ಲಿ ಅವಳ ನಂಬರ್ ಹಾಗೇ ಇತ್ತು. ಯಾರೂ ತೆಗೆಯಲಿಲ್ಲ. ಒಂದು ದಿನ ಅವಳ ಅಪ್ಪ ಆ ಫೋನಿನಿಂದಲೇ ಎಲ್ಲರಿಗೂ ವಂದನೆ ಹೇಳಿ, ನಂಬರ್ ನಿಲ್ಲಿಸುತ್ತಿದ್ದೇವೆ ಅಂತ ಬರೆದು ಗುಂಪಿನಿಂದ ಹೊರಗೆ ಹೋದರು.

ಮುಂದೆ ಕ್ರೈಸ್ತ ಸಭೆಯ ದೊಡ್ಡ ಬೋಧಕನಾದ ಆಗಸ್ಟೀನ್ ಇಪ್ಪತ್ತರ ಹರೆಯದಲ್ಲಿ, ಇನ್ನೂ ಕ್ರೈಸ್ತನಾಗುವ ಮೊದಲು, ಜೊತೆಗೆ ಓದಿ ಬೆಳೆದ ಗೆಳೆಯನನ್ನು ಕಳೆದುಕೊಂಡ. ಊರಿನ ಮೂಲೆಮೂಲೆಯಲ್ಲೂ ಕಣ್ಣು ಅವನನ್ನೇ ಹುಡುಕುತ್ತಿತ್ತಂತೆ. ಅದನ್ನು ತಾಳಲಾರದೆ ಹುಟ್ಟೂರು ತಗಾಸ್ತೆ ಬಿಟ್ಟು ಕಾರ್ಥೇಜಿಗೆ ಹೋದ. ಗೆಳೆಯನನ್ನು ಕಂಡು ಅಭ್ಯಾಸವಿಲ್ಲದ ಜಾಗದಲ್ಲಿ ಕಣ್ಣು ಅವನನ್ನು ಅಷ್ಟಾಗಿ ಹುಡುಕುವುದಿಲ್ಲ ಅಂತ. ವಿದ್ಯಾರ್ಥಿಗಳು ಬಯಸಲಿ ಬಿಡಲಿ, ಅವರಿಗೆ ಇದೇ ಆಗುತ್ತದೆ. ಕೋರ್ಸ್ ಮುಗಿಯುತ್ತದೆ, ಹೊರಟು ಹೋಗುತ್ತಾರೆ. ಮೂರು ನಾಲ್ಕು ವರ್ಷಕ್ಕೆ ಇಡೀ ಗುಂಪೇ ಹೊಸದಾಗುತ್ತದೆ. ಅವಳನ್ನು ಕಂಡವರೆಲ್ಲ ಹೋದ ಮೇಲೆ, ಕಂಡವಳು ಅಂತ ಇಲ್ಲಿ ಉಳಿಯುವುದು ನಾನೊಬ್ಬಳೇ. ಚರ್ಚಿನ ಸಭೆಗಳಲ್ಲಿ ಹೀಗಾಗುವುದಿಲ್ಲ. ಅಲ್ಲಿ ಹಿರಿಯರು ಇರುತ್ತಾರೆ, ಸಮಾಧಿ ಇರುತ್ತದೆ, ಮನೆಯವರು ಅದೇ ಬೆಂಚಿನಲ್ಲಿ ಕೂರುತ್ತಾರೆ. ಕಾಲೇಜಿನ ಗುಂಪಿಗೆ ಅದೊಂದೂ ಇಲ್ಲ. ನೆನಪು ಇಟ್ಟುಕೊಳ್ಳಬೇಕಾದರೆ ಬೇಕೆಂದೇ ಮಾಡಬೇಕು. ಈ ಸೇವೆಯಲ್ಲಿ ಇದರ ಬಗ್ಗೆ ನಾವು ಮಾತಾಡುವುದು ತುಂಬ ಕಡಿಮೆ. ಮಾತಾಡಬೇಕು.

ಹೊಸ ವರ್ಷದ ಕಮಿಟಿ ಕೂತಾಗ ಈ ವಿಷಯ ಬಂತು. ಹೊಸಬರಿಗೆ ಅವಳ ಬಗ್ಗೆ ಹೇಳಬೇಕಾ? ಇಬ್ಬರು ಬೇಡ ಅಂದರು, ಬಂದ ಕೂಡಲೇ ಸಾವಿನ ಮಾತು ಹೇಳಿದರೆ ಹೆದರುತ್ತಾರೆ ಅಂತ. ಉಳಿದವರು ಬೇಕು ಅಂದರು. ತುಂಬ ಹೊತ್ತು ಚರ್ಚೆ ಆಯಿತು. ಕೊನೆಗೆ ವರ್ಷಕ್ಕೊಂದು ಶುಕ್ರವಾರ ಗೋಳಾಟದ ಕೀರ್ತನೆಗಳನ್ನು ಓದುವುದು, ಆ ದಿನ ಅವಳ ಹೆಸರು ಹೇಳುವುದು, ಹಾಗೆಯೇ ಆ ವರ್ಷ ಯಾರ ಮನೆಯಲ್ಲಿ ಯಾರು ತೀರಿಕೊಂಡಿದ್ದರೂ ಅವರ ಹೆಸರನ್ನೂ ಹೇಳುವುದು ಅಂತ ತೀರ್ಮಾನವಾಯಿತು. ಮೊದಲ ಸಲ ಹೀಗೆ ಮಾಡಿದಾಗ ನಮಗೆ ಗೊತ್ತೇ ಇರದ ಎಷ್ಟೋ ಹೆಸರುಗಳು ಹೊರಬಂದವು. ಅಜ್ಜಂದಿರು, ಅಣ್ಣಂದಿರು, ಹುಟ್ಟುತ್ತಲೇ ಹೋದ ಒಂದು ತಂಗಿ. ಇಷ್ಟು ದಿನ ಪಕ್ಕಪಕ್ಕ ಕೂತು ಜಯದ ಹಾಡು ಹಾಡಿದವರೇ ಇವರೆಲ್ಲ.

ಅವಳ ಅಪ್ಪ ಅಮ್ಮನಿಗೆ ತಿಂಗಳಿಗೊಮ್ಮೆ ಫೋನ್ ಮಾಡುವುದನ್ನೂ ಮಕ್ಕಳು ಸರದಿಯ ಮೇಲೆ ಮುಂದುವರಿಸಿದ್ದಾರೆ. ಈ ತಿಂಗಳ ಸರದಿ ಮೊದಲ ವರ್ಷದ ಇಬ್ಬರದು. ಅವರು ಅವಳನ್ನು ನೋಡಿಯೇ ಇಲ್ಲ. "ಏನಂತ ಮಾತಾಡೋದು ಅಕ್ಕಾ, ನಮಗೆ ಅವರ ಮಗಳ ಬಗ್ಗೆ ಏನೂ ಗೊತ್ತಿಲ್ಲವಲ್ಲ" ಅಂತ ಕೇಳಿದರು. ಅದನ್ನೇ ಹೇಳಿ, ಅವಳು ಹೇಗಿದ್ದಳು ಅಂತ ಅವರನ್ನೇ ಕೇಳಿ ಅಂದೆ. ಭಾನುವಾರ ಮಧ್ಯಾಹ್ನ ಮಾಡುತ್ತಾರಂತೆ.